ಏರಿಯ ಮೇಲೆ ಬೂಟಿನ ಸದ್ದು

ವಕ್ಕಲೇರಿಯ ಕೆರೆ ಏರಿಯ ಮೇಲೆ ಯಾರಾದರೂ ಬೂಟು ಹಾಕಿಕೊಂಡು ಓಡಿದರೆ ಈಗಲೂ ನನ್ನ ಎದೆ ಝಲ್ಲೆನ್ನುತ್ತದೆ. ಆ ಸದ್ದು ಎಲ್ಲಿ ತಟ್ಟನೆ ನಿಂತುಬಿಡುತ್ತದೋ ಎಂದು ಕಿವಿಗೊಟ್ಟು ಕೂರುತ್ತೇನೆ.

ಆದರೂ ಆ ಬೇಸಿಗೆಯಷ್ಟು ನಮ್ಮ ಮನೆ ಕಳೆಕಳೆಯಾಗಿದ್ದದ್ದು ನೆನಪಿಲ್ಲ. ತಮ್ಮ ಸೇನೆಗೆ ಆಯ್ಕೆಯಾಗಿದ್ದ. ಅವನಿಗಿಂತ ಮೊದಲು ಹೋಗಿದ್ದ ಊರಿನ ಇಬ್ಬರು ತರಬೇತಿಯ ಅರ್ಧಕ್ಕೇ ವಾಪಸು ಬಂದಿದ್ದರು. ಡೈರಿಗೆ ಹಾಲು ಹಾಕಲು ಬರುವವರೆಲ್ಲ ಅವರನ್ನು 'ರಿಟರ್ನ್ ಟಿಕೆಟ್' ಎಂದೇ ಕರೆಯುತ್ತಿದ್ದರು. ತಮ್ಮನಿಗೆ ಆ ಹೆಸರಿನದೇ ಭಯ. ಹೀಗಾಗಬಾರದೆಂದು, ನಾವೆಲ್ಲ ಮಾವ ಎಂದು ಕರೆಯುತ್ತಿದ್ದ ನಿವೃತ್ತ ಸುಬೇದಾರರೊಬ್ಬರು ಸೇನೆಗೆ ಹೊರಟ ಹುಡುಗರನ್ನು ಊರಲ್ಲೇ ಹದಗೊಳಿಸಲು ನಿಂತರು. ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗಲೂ ಬೂಟು, ಹಸುವಿಗೆ ಹುಲ್ಲು ಹಾಕುವಾಗಲೂ ಬೂಟು. ಕಾಲಲ್ಲಿ ಬೊಬ್ಬೆ ಏಳುವುದಿದ್ದರೆ ಇಲ್ಲೇ ಎದ್ದು ಒಣಗಲಿ ಎನ್ನುತ್ತಿದ್ದರು.

"ಮಲಗೋವಾಗ್ಲಾದ್ರೂ ಬಿಚ್ತೀಯೇನೋ ದೊರೆ?" ಎಂದು ಅಮ್ಮ ಕೇಳುತ್ತಿದ್ದಳು.

ಕೋಲಾರದಲ್ಲಿ ಡಿಗ್ರಿ ಮುಗಿಸಿ ಮನೆಯಲ್ಲಿದ್ದ ನಾನು ಸ್ಕೂಟರಿನಲ್ಲಿ ನೀರಿನ ಕ್ಯಾನ್ ಇಟ್ಟುಕೊಂಡು ಓಡುವವರ ಹಿಂದೆ ಹೋಗುತ್ತಿದ್ದೆ. ಅಂದು ಓಟ ತಡವಾಗಿ ಶುರುವಾಗಿ ಬಿಸಿಲೇರಿತ್ತು. ತಮ್ಮನಿಗೆ ನೀರಿನ ಲೋಟ ಚಾಚಿದೆ.

"ಟ್ರೈನಿಂಗಿಗೂ ಬರ್ತೀಯೇನಕ್ಕ, ನೀರು ಹಿಡ್ಕೊಂಡು?" ಎಂದು ನಗುತ್ತ, ಕುಡಿಯದೆ ಮುಂದೆ ಹೋದ.

ತೂಬಿನ ಹತ್ತಿರ ಅವನ ಹೆಜ್ಜೆ ಅಡ್ಡಾದಿಡ್ಡಿಯಾಯಿತು. ಕುಸಿದ. ಮೈ ಕಾದ ಹೆಂಚು. ಅಜ್ಜಿಯ ಹತ್ತಿರ ಮಾತ್ರ ಆಡುತ್ತಿದ್ದ ತೆಲುಗಿನಲ್ಲಿ ಏನೇನೋ ತೊದಲುತ್ತಿದ್ದ. ಮಾವ ಅವನನ್ನು ಹೆಗಲಿಗೇರಿಸಿಕೊಂಡು ಪಕ್ಕದ ತೋಟದ ನೀರಿನ ತೊಟ್ಟಿಗೆ ಬೂಟಿನ ಸಮೇತ ಇಳಿಸಿದರು. ತಲೆ ಮುಳುಗದಂತೆ ನಾನು ಹಿಡಿದುಕೊಂಡೆ. ಅವನ ಕಣ್ಣು ತೆರೆದಿತ್ತು, ನನ್ನ ಗುರುತಿರಲಿಲ್ಲ. ಸ್ನಾನಕ್ಕೆ ನೀರು ತುಂಬುವಾಗಲೂ ನನಗೆ ಆ ಕಣ್ಣು ಎದುರಾಗುತ್ತದೆ.

ಆಂಬುಲೆನ್ಸ್ ಬರುವ ಹೊತ್ತಿಗೆ, "ಅಕ್ಕ, ಚಳಿ" ಎಂದ.

ಅವನು ಆಸ್ಪತ್ರೆಯಿಂದ ಬಂದ ಮೇಲೆ ಮಾವ ಪಾಠ ಬದಲಿಸಿದರು. ಓಟಕ್ಕೆ ಮೊದಲು ಪ್ರತಿಯೊಬ್ಬನೂ ಅಭ್ಯಾಸಕ್ಕೆಂದು ಗಟ್ಟಿಯಾಗಿ "ಆಗ್ತಿಲ್ಲ ಸಾರ್" ಎನ್ನಬೇಕು. ಹುಡುಗರು ಕಿಸಕ್ಕನೆ ನಕ್ಕರು.

"ನಗ್ರೋ, ನಗ್ರಿ. ಬಾಯಿ ಬಿಟ್ಟೋನು ಇವತ್ತು ಕೂತು ನಾಳೆ ಓಡ್ತಾನೆ. ಮುಚ್ಕೊಂಡಿರೋನೇ ಕಣ್ರೋ ರಿಟರ್ನ್ ಟಿಕೆಟ್ ಆಗಿ ಮನೆಗೆ ಬರೋದು."

ಡಾಕ್ಟರು ಒಪ್ಪಿದ ಮೇಲೆ ತಮ್ಮ ತರಬೇತಿಗೆ ಹೊರಟ. ಒಂದು ಭಾನುವಾರ ಫೋನಿನಲ್ಲಿ, "ಮೊನ್ನೆ ಹೇಳಿಬಿಟ್ಟೆ ಅಕ್ಕ, ಆಗ್ತಿಲ್ಲ ಅಂತ," ಎಂದ.

"ಏನಂದ್ರೋ?"

"ನೆರಳಲ್ಲಿ ಕೂರ್ಸಿದ್ರು. ಮಾರನೇ ದಿನ ಓಡಿದೆ."

ತರಬೇತಿ ಮುಗಿಸಿ ರಜೆಗೆ ಬಂದವನು ಬೆಳಿಗ್ಗೆ ಏರಿಗೆ ಹೊರಟ. ಸ್ಕೂಟರಿನಲ್ಲಿ ನಾನೂ ಹಿಂದೆ ಹೋದೆ. ತೂಬಿನ ಹತ್ತಿರ ಬೂಟಿನ ಸದ್ದು ನಿಂತಿತು. ನಾನು ತಟ್ಟನೆ ಬ್ರೇಕು ಹಿಡಿದೆ.

ಅವನು ತಿರುಗಿ ಕೈ ಚಾಚಿದ. "ಕೊಡಕ್ಕ, ನೀರು."