ಕನ್ನಡಿಯಲ್ಲಿ ಜಾರುವ ಗುಡ್ಡ

ನೀವು ನಂಬುವುದಿಲ್ಲ, ಆದರೂ ಹೇಳುತ್ತೇನೆ. ಚಿತ್ರಕಲೆಯನ್ನು ಮೆಚ್ಚಲು ನಾನು ಕಲಿತದ್ದು ಕುತ್ತಿಗೆಯ ಮೇಲೆ ಕತ್ತಿ ಇಡಿಸಿಕೊಂಡು.

ನಿನ್ನೆ ಹಳೆ ಪತ್ರಿಕೆ ಸುತ್ತಿದ್ದ ಚೌಕಟ್ಟೊಂದನ್ನು ಹೊರತೆಗೆದಾಗ ಪೌಡರು, ಶೇವಿಂಗ್ ಸೋಪಿನ ವಾಸನೆ ಬಂತು. ಅಜ್ಜಾವರದ ಸೆಲೂನಿನಲ್ಲಿ ಊರಿಗೆಲ್ಲ ಕ್ಷೌರ ಮಾಡುತ್ತಿದ್ದ ಅಣ್ಣನೇ ಪಕ್ಕದಲ್ಲಿ ನಿಂತ ಹಾಗಾಯಿತು... ಅವರು ತೀರಿಹೋಗಿ ಒಂದು ಮಳೆಗಾಲ ಕಳೆದಿದೆ. ಚಿತ್ರವನ್ನು ನನಗೇ ಕೊಡಬೇಕೆಂದು ಹೇಳಿದ್ದರಂತೆ. ತಂದುಕೊಟ್ಟ ಅವರ ಹೆಂಡತಿ ಎಚ್ಚರಿಸಿ ಹೋದರು: "ಬಿಚ್ಚಲಿಕ್ಕೆ ಹೋಗ್ಬೇಡ ಮಗಾ. ತೇವಕ್ಕೆ ಕಾಗದ ಗಾಜಿಗೆ ಅಂಟಿದೆ."

ಆ ಜಲವರ್ಣ ಅಣ್ಣ ತಾವೇ ಬರೆದದ್ದು. ಕೆಳಗೆ ಹಸಿರು ಪಟ್ಟಿ, ನಡುವೆ ಬಣ್ಣವೇ ಹಾಕದ ಬಿಳಿ ಕಾಗದ, ಮೇಲೆ ಒಂದು ನೀಲಿ ಗುಡ್ಡ. ಮರವಿಲ್ಲ, ಮನೆಯಿಲ್ಲ, ಹಕ್ಕಿಯಂತೂ ಇಲ್ಲವೇ ಇಲ್ಲ. ಅದು ಇದ್ದದ್ದು ಕುರ್ಚಿಯ ಹಿಂದಿನ ಗೋಡೆಯಲ್ಲಿ. ಕುಳಿತವರು ಎದುರಿನ ಕನ್ನಡಿಯಲ್ಲೇ ನೋಡಬೇಕು. ಕತ್ತಿ ಆಡಿಸುತ್ತಾ ಅಣ್ಣ ಎಲ್ಲರನ್ನೂ "ಹೇಗುಂಟು?" ಎಂದು ಕೇಳುತ್ತಿದ್ದರು. ಗಂಟಲ ಬಳಿ ಕತ್ತಿ ಇರುವಾಗ ಚೆನ್ನಾಗಿಲ್ಲ ಎನ್ನುವ ಧೈರ್ಯ ಯಾರಿಗೆ? ಇಡೀ ಭೂಮಿಯ ಮೇಲೆ ಅಷ್ಟು ಹೊಗಳಿಸಿಕೊಂಡ ಚಿತ್ರ ಇನ್ನೊಂದಿರಲಿಕ್ಕಿಲ್ಲ.

ಒಮ್ಮೆ ನನ್ನನ್ನು ಮಾತ್ರ ಕತ್ತಿ ಕೆಳಗಿಟ್ಟು ಕೇಳಿದರು.

"ಈಗ ಹೇಳು. ಓಡ್ಲಿಕ್ಕೆ ಬಾಗಿಲು ತೆರೆದೇ ಉಂಟು."

"ಹೆದರಿಕೆ ಆಗ್ತದೆ ಅಣ್ಣ. ಗುಡ್ಡ ಜಾರಿ ನನ್ನ ತಲೆಗೇ ಬೀಳುವ ಹಾಗೆ."

ಹೇಳಿದ ಮೇಲೆ ನೆನಪಾಯಿತು: ಅರ್ಧ ತಲೆ ಇನ್ನೂ ಅವರ ಕೈಯಲ್ಲೇ ಬಾಕಿಯಿತ್ತು. ಆದರೆ ಅಣ್ಣ ಹೋಗಿ ಬೆಂಚಿನ ಮೇಲೆ ಕುಳಿತುಬಿಟ್ಟರು.

"ಇಷ್ಟು ವರ್ಷಕ್ಕೆ ನೀನೊಬ್ಬ ನೋಡಿದ್ದು ಮಾರಾಯ. ಗುಡ್ಡದ ಅಡಿಗೆ ಒಂದು ಗೆರೆ ಎಳೆದಿದ್ರೆ ಅದು ನಿಲ್ತಿತ್ತು. ನನಗೆ ನಿಲ್ಲಿಸ್ಲಿಕ್ಕೆ ಮನಸ್ಸಾಗ್ಲಿಲ್ಲ."

ಇವತ್ತು ಬೆಳಿಗ್ಗೆ ಅದನ್ನು ಗೋಡೆಗೆ ತೂಗುಹಾಕಿದೆ. ನೇರವಾಗಿ ನೋಡಿದರೆ ಗುಡ್ಡ ಸುಮ್ಮನಿತ್ತು. ಅಮ್ಮನ ಕನ್ನಡಿ ಹಿಡಿದು, ಬೆನ್ನು ಹಾಕಿ ಕುಳಿತೆ. ಜಾರತೊಡಗಿತು... ಆದರೂ ನನ್ನ ಕಿವಿಯೆಲ್ಲ ಬಾಗಿಲ ಕಡೆಗೆ. ಭಾಷಣ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಗೆದ್ದು, ಪ್ರಮಾಣಪತ್ರಕ್ಕೆ ಚೌಕಟ್ಟು ಬೇಕೆಂದು ಊರಿಡೀ ಸಾರಿದವನು ನಾನೇ. ನಿನ್ನೆಯಿಂದ ಅಪ್ಪನ ಕಣ್ಣು ಈ ಚೌಕಟ್ಟಿನ ಮೇಲಿತ್ತು.

ಅಪ್ಪ ಇಕ್ಕುಳ ಹಿಡಿದು ಒಳಗೆ ಬಂದರು.

"ಚಿತ್ರ ಅಲ್ಲಿ ಉಂಟು, ನೀನು ಇಲ್ಲಿ ಎಂತ ನೋಡುದು?"

"ಬಿಚ್ಚಬೇಡಿ ಅಪ್ಪ, ಕಾಗದ ಅಂಟಿದೆ. ಒಮ್ಮೆ ಕನ್ನಡಿಯಲ್ಲಿ ನೋಡಿ."

ಅಪ್ಪ ಬಗ್ಗಿ ನೋಡಿದರು.

"ಇದು ಬೀಳ್ತದಾ ಎಂತ?"

ನನಗೆ ಉಸಿರು ಬಂತು.

"ಚಂದ ಉಂಟು. ಚಿತ್ರ ನೀನೇ ಇಟ್ಟುಕೊ, ನನಗೆ ಚೌಕಟ್ಟು ಸಾಕು" ಎನ್ನುತ್ತಾ ಗೋಡೆಯಿಂದ ಇಳಿಸಿ ಹಿಂದಿನ ಮೊಳೆಗಳನ್ನು ಕಿತ್ತೇಬಿಟ್ಟರು.

ಹಸಿರು ಪಟ್ಟಿ ಕಾಗದದ ಜೊತೆ ಬಂತು. ಗುಡ್ಡ ಗಾಜಿನಲ್ಲೇ ಉಳಿಯಿತು.

"ಛೆ, ಅಂಟಿತ್ತು ಅಲ್ವಾ" ಎಂದರು ಅಪ್ಪ. ಅವರು ಒದ್ದೆ ಬಟ್ಟೆ ತಂದು ಗಾಜು ಒರೆಸಿದರು. ಬಟ್ಟೆ ನೀಲಿಯಾಯಿತು.