ಹಿನ್ನೀರಿಗೆ ಜೊತೆ ಯಾರು

ಮೊಟ್ಟೆಯನ್ನೂ ಒಳಗೆ ಬಿಟ್ಟುಕೊಳ್ಳದ ಮನೆ ನಮ್ಮದು. ಅಂಥ ಮನೆಯ ಯಜಮಾನರು ಒಂದು ಸಂಜೆ ಹಿಟ್ಟಿನ ಗಿರಣಿ ಮುಚ್ಚಿ ಬಂದು, ಕೈ ಕೂಡ ತೊಳೆಯದೆ, ಬರುವ ಶನಿವಾರ ರಾತ್ರಿ ತಂಬ್ರಹಳ್ಳಿ ಕಡೆ ಹಿನ್ನೀರಿಗೆ ಮೀನು ಹಿಡಿಯಲು ಹೋಗುತ್ತೇನೆ ಅಂದರೆ ಹೆಂಡತಿಯಾದವಳು ಏನೆಂದುಕೊಳ್ಳಬೇಕು? ನಾನು ಅಂದುಕೊಂಡದ್ದು ಒಂದೇ. ಬಾಟಲಿ.

ಅವರು ಕುಡಿತ ಬಿಟ್ಟು ಆಗಿನ್ನೂ ವರ್ಷ ತುಂಬಿರಲಿಲ್ಲ. ಬಿಡಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಆಣೆ ಹಾಕಿಸಿದ್ದಾಯಿತು, ಉಜ್ಜಿನಿಗೆ ಹರಕೆ ಹೊತ್ತದ್ದಾಯಿತು, ಹೊಸಪೇಟೆಯ ಡಾಕ್ಟರಾಯಿತು. ಕೊನೆಗೆ ಒಂದು ದಿನ ಗಿರಣಿಯ ಬೆಲ್ಟಿಗೆ ಕೈ ಸಿಕ್ಕುವುದು ಸ್ವಲ್ಪದರಲ್ಲಿ ತಪ್ಪಿತು, ಅವತ್ತಿನಿಂದ ತಾವೇ ಬಿಟ್ಟರು. ಇನ್ನೊಂದು ಸಲ ಶುರುವಾದರೆ ಜೀವ ಉಳಿಯುವುದಿಲ್ಲ ಎಂದು ಡಾಕ್ಟರು ಅವರ ಮುಖ ನೋಡಿ ಹೇಳಲಿಲ್ಲ, ನನ್ನ ಮುಖ ನೋಡಿ ಹೇಳಿದ್ದರು. ಹಾಗಾಗಿ ಅವರು ಬಚ್ಚಲಿನಿಂದ ಬಂದರೂ ನಾನು ಮೂಗು ಅರಳಿಸುತ್ತಿದ್ದೆ.

ಮೀನು ಹಿಡಿದು ಏನು ಮಾಡುತ್ತೀರಿ ಎಂದು ಕೇಳಿದೆ. ಹಿಡಿದು ಬಿಡುತ್ತೇನೆ ಅಂದರು. ನಿದ್ದೆಗೆಟ್ಟು, ಸೊಳ್ಳೆಗೆ ಮೈಕೊಟ್ಟು, ಹಿಡಿದದ್ದನ್ನು ವಾಪಸ್ಸು ನೀರಿಗೇ ಬಿಡುವ ಗಂಡಸನ್ನು ನಾನಂತೂ ಕಂಡಿಲ್ಲ. ಹಾಗಾದರೆ ಹಗಲಿಗೆ ಹೋಗಿ ಅಂದೆ. ಬಾಳೆ ಮೀನು ಅಂತ ಒಂದಿದೆಯಂತೆ, ಉದ್ದ ಮೀಸೆ, ಅಗಲ ಬಾಯಿ, ಅದು ಕತ್ತಲಾದ ಮೇಲೆಯೇ ದಡದ ಹತ್ತಿರ ಬರುವುದಂತೆ. ಇದೆಲ್ಲ ಫೋನಿನಲ್ಲಿ ನೋಡಿ ಕಲಿತ ವಿದ್ಯೆ. ಮದುವೆಯಾದಾಗಿನಿಂದ ಕೆರೆಯ ಏರಿ ಹತ್ತದವರಿಗೆ ಈಗ ಮೀನಿನ ದಿನಚರಿ ಬಾಯಿಪಾಠವಾಗಿತ್ತು.

ತಯಾರಿ ಶುರುವಾಯಿತು. ಬಿದಿರಿನ ಗಳ ಬಂತು, ನೈಲಾನ್ ದಾರ ಬಂತು, ಗಾಳದ ಕೊಕ್ಕೆಗಳ ಪುಟ್ಟ ಡಬ್ಬಿ ಬಂತು, ತಲೆಗೆ ಕಟ್ಟಿಕೊಳ್ಳುವ ಬ್ಯಾಟರಿ ಬಂತು. ಎರೆಹುಳಕ್ಕಾಗಿ ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ಅಗೆದು ನನ್ನ ಕರಿಬೇವಿನ ಬೇರು ಕಡಿದರು. ಅವರು ಗಿರಣಿಗೆ ಹೋದ ಮೇಲೆ ನಾನು ಒಂದೊಂದೇ ಸಾಮಾನು ತೆಗೆದು ನೋಡಿದೆ. ಗಳವನ್ನು ಅಲ್ಲಾಡಿಸಿದೆ. ಚೀಲದ ಒಳಜೇಬು ತಡಕಿದೆ. ಎರೆಹುಳದ ಡಬ್ಬಿಯ ಮುಚ್ಚಳವನ್ನೂ ಬಿಡಲಿಲ್ಲ, ಅದರ ವಾಸನೆ ಊಟದ ಹೊತ್ತಿನವರೆಗೂ ಮೂಗಿನಲ್ಲಿತ್ತು. ಏನೂ ಸಿಗಲಿಲ್ಲ. ಸಿಗದಿದ್ದದ್ದಕ್ಕೇ ಅನುಮಾನ ಇನ್ನಷ್ಟು ಬಲಿಯಿತು. ಇಷ್ಟು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿ ಕುಡಿದವರು ಇಷ್ಟು ಸುಲಭಕ್ಕೆ ಸಿಕ್ಕಿಬೀಳುತ್ತಾರೆಯೇ?

ಜೊತೆಗೆ ಯಾರು ಎಂಬ ಪ್ರಶ್ನೆಗೆ ಮಾತ್ರ ಉತ್ತರ ಅವರ ನಾಲಿಗೆಯ ತುದಿಯಲ್ಲೇ ಇತ್ತು. ಕೂಡ್ಲಿಗಿ ರಸ್ತೆಯಲ್ಲಿ ಮೋಟಾರು ರಿಪೇರಿ ಮಾಡುವ ಸಾಬರು. ನಮ್ಮ ಗಿರಣಿಯ ಮೋಟಾರು ಸುಟ್ಟಾಗಲೆಲ್ಲ ತಂತಿ ಸುತ್ತಿಕೊಟ್ಟವರು. ನಮಾಜು ತಪ್ಪಿಸದ ಮನುಷ್ಯ, ಕುಡಿದವರನ್ನು ಅಂಗಡಿಯ ಮೆಟ್ಟಿಲು ಹತ್ತಿಸುವುದಿಲ್ಲ. ಹೆಂಡತಿಯ ಬಾಯಿ ಮುಚ್ಚಿಸಲು ಹೇಳಿ ಮಾಡಿಸಿದಂಥ ಜೊತೆ. ಅದೇ ನನಗೆ ಸರಿಬೀಳಲಿಲ್ಲ.

ಗುರುವಾರ, ಚೆನ್ನಾಗಿಯೇ ಓಡುತ್ತಿದ್ದ ಮಿಕ್ಸಿಯನ್ನು ಚೀಲಕ್ಕೆ ಹಾಕಿಕೊಂಡು ಅವರ ಅಂಗಡಿಗೆ ಹೋದೆ. ಸಾಬರು ಅದನ್ನು ಗುರ್ ಎನ್ನಿಸಿ, ಏನೂ ಆಗಿಲ್ಲವಲ್ಲ ಅಕ್ಕ ಎಂದು ವಾಪಸ್ಸು ಕೊಟ್ಟರು. ಶನಿವಾರ ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಂದು, ಎಲ್ಲ ಗೊತ್ತಿದ್ದವಳ ಹಾಗೆ ಕೇಳಿದೆ.

"ನಾನಾ? ನೀರು ಕಂಡ್ರ ಅಂಜ್ತೀನ್ರಿ ಅಕ್ಕಾ. ಬರಂಗಿಲ್ಲಂತ ಅವತ್ತ ಹೇಳೀನಿ."

ನಮ್ಮವರು ದಿನಾ ಗಿರಣಿ ಮುಚ್ಚಿ ಬಂದು ಇಲ್ಲೇ ಸ್ಟೂಲಿನ ಮೇಲೆ ಕೂರುತ್ತಾರೆ, ಶಟರ್ ಎಳೆಯುವ ತನಕ ಏಳುವುದಿಲ್ಲ, ಒಮ್ಮೊಮ್ಮೆ ತಂತಿ ಹಿಡಿದುಕೊಡುತ್ತಾರೆ ಎಂದೂ ಹೇಳಿದರು. ಅದು ಕಿವಿಗೆ ಬಿತ್ತು, ತಲೆಗೆ ಹತ್ತಲಿಲ್ಲ. ಸುಳ್ಳು ಹೇಳಿದ್ದಾರೆ ಎಂಬುದೊಂದೇ ತಲೆ ತುಂಬಿತ್ತು. ದಾರಿಯುದ್ದಕ್ಕೂ ಬೈಗುಳ ಹೊಂದಿಸುತ್ತಾ ಮನೆಗೆ ಬಂದೆ.

ರಾತ್ರಿ ಅವರು ಪಡಸಾಲೆಯಲ್ಲಿ ಕೂತು ದಾರಕ್ಕೆ ಕೊಕ್ಕೆ ಕಟ್ಟುತ್ತಿದ್ದರು.

"ಸಾಬ್ರು ಬರಂಗಿಲ್ಲಂತಲ್ರಿ. ಮತ್ತ ಯಾರ ಕೂಡ ಕುಡಿಯಾಕ ಹೊಂಟೀರಿ?"

ಸಿಟ್ಟು ಮಾಡುತ್ತಾರೆ, ತಟ್ಟೆ ಎಸೆಯುತ್ತಾರೆ, ಅಷ್ಟಕ್ಕೆಲ್ಲ ನಾನು ತಯಾರಾಗಿಯೇ ನಿಂತಿದ್ದೆ. ಅವರು ಗಂಟು ಬಿಗಿದು ಮುಗಿಸಿದರು. ಯಾರೂ ಇಲ್ಲ, ಒಬ್ಬನೇ ಹೋಗುವವನಿದ್ದೆ ಅಂದರು. ಹಾಗಂದರೆ ನೀನು ಬಿಡುತ್ತಿರಲಿಲ್ಲ, ಅದಕ್ಕೇ ಸಾಬರ ಹೆಸರು ಹೇಳಿದೆ ಅಂದರು. ಆಮೇಲೆ ತಲೆ ಎತ್ತದೆ ಹೇಳಿದರು.

"ಕುಡಿಯೋರು ಎಲ್ಲಾರೂ ಬರ್ತೀವಿ ಅಂದ್ರು. ನಾನ ಬ್ಯಾಡ ಅಂದೆ. ಸಾಬ್ರನ್ನ ಬಿಟ್ರ ಕುಡಿಯದವ್ರು ನನಗ ಯಾರೂ ಗುರ್ತಿಲ್ಲ."

ಹೊತ್ತು ಮುಳುಗಿದ ಮೇಲಿನ ವೇಳೆಯೇ ತಮಗೆ ಕಳೆಯಲಾಗುವುದಿಲ್ಲವಂತೆ. ಟಿವಿ ಮುಂದೆ ಕೂತರೆ ಕೈ ಸುಮ್ಮನಿರುವುದಿಲ್ಲ, ಮನೆಯಲ್ಲಿ ಎಲ್ಲಿ ಕೂತರೂ ನನ್ನ ಮೂಗು ಬೆನ್ನ ಹಿಂದೆ ಇರುತ್ತದೆ. ಒಂದು ರಾತ್ರಿಯಾದರೂ ಕೈಯಲ್ಲಿ ಏನೋ ಹಿಡಿದುಕೊಂಡು ಬೆಳಗು ಮಾಡಿದರೆ ಧೈರ್ಯ ಬಂದೀತು ಎನ್ನಿಸಿತಂತೆ. ನಲವತ್ತು ದಾಟಿದ ಗಂಡಸು, ಊರು ತುಂಬ ಪರಿಚಯದವರು, ಪಕ್ಕದಲ್ಲಿ ಕೂರಲು ಒಬ್ಬರಿಲ್ಲ. ಹಾಗೆಂದು ಅನುಮಾನ ಪೂರ್ತಿ ಇಳಿದುಹೋಯಿತೆಂದರೆ ಅದೂ ಸುಳ್ಳೇ. ಒಬ್ಬರೇ ಇದ್ದಾಗಲೇ ಅವರು ಹೆಚ್ಚು ಕುಡಿಯುತ್ತಿದ್ದದ್ದು ನನಗೆ ಮರೆತಿರಲಿಲ್ಲ.

ಮನಸ್ಸಿನಲ್ಲಿದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

"ನಾನೂ ಬರ್ತೀನಿ. ಆದ್ರ ನಿಮ್ಮನ್ನ ನಂಬಿ ಬರಂಗಿಲ್ಲ, ಈಗ ಹೇಳೀನಿ."

ಅವರು ಕೊಕ್ಕೆಯ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟರು.

"ನಂಬಬ್ಯಾಡ," ಅಂದರು. "ಕಾಯಾಕಾದ್ರೂ ಬಾ."