ಬಾಯಿ ತೆರೆದ ಹಗೇವು

ನನ್ನ ಗಂಡ ಊಟದ ನಡುವೆ ಎದ್ದು ನಿಲ್ಲುತ್ತಿದ್ದರು. ಫೋನಿನಲ್ಲಿ ಸಾವ್ಕಾರರ ದನಿ ಕೇಳಿದರೆ ಸಾಕು, ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಅರ್ಧ ರೊಟ್ಟಿ, ಗೋಡೆಗೆ ಮುಖ ಮಾಡಿ "ಹೌದ್ರಿ, ಹೌದ್ರಿ ಸಾವ್ಕಾರ್ರ" ಎನ್ನುತ್ತಿದ್ದರು. ನರಗುಂದದಲ್ಲಿ ಆ ಸಾವ್ಕಾರರ ದಲಾಲಿ ಅಂಗಡಿಯಲ್ಲಿ ಇವರು ಲೆಕ್ಕ ಬರೆಯುವ ದಿವಾನಜಿಯಾಗಿದ್ದರು. ರೋಣದ ನಮ್ಮ ಮನೆಯಿಂದ ಬೆಳಗಿನ ಬಸ್ಸಿಗೆ ಹೋದರೆ ಕತ್ತಲಾದ ಮೇಲೆಯೇ ಬರುವುದು.

"ಅವರೇನ್ ಫೋನಿನ್ಯಾಗಿಂದ ನಿಮ್ಮನ್ನ ನೋಡ್ತಾರೇನ್ರಿ? ಕುಂತ ಮಾತಾಡ್ರಿ" ಎಂದು ನಾನು ರೇಗಿಸುತ್ತಿದ್ದೆ. ಮೊದಮೊದಲು ನಗುತ್ತ ಹೇಳುತ್ತಿದ್ದೆ, ಬರಬರುತ್ತ ನಗು ಬರದಾಯಿತು.

ಹೀಗೆ ಎದ್ದು ನಿಲ್ಲುವುದು ತಪ್ಪಬೇಕು ಎಂಬುದಷ್ಟೇ ನಮ್ಮಿಬ್ಬರ ಆಸೆ. ಮಕ್ಕಳಿಲ್ಲದ ಸಂಸಾರ, ಖರ್ಚು ಕಡಿಮೆ. ಗಜೇಂದ್ರಗಡದಲ್ಲಿ ನಮ್ಮದೊಂದು ಪ್ಲಾಟು ಇತ್ತು. ಅದನ್ನು ಮಾರಿ, ಕೂಡಿಸಿಟ್ಟದ್ದನ್ನೂ ಸೇರಿಸಿ, ಎಲ್ಲವನ್ನೂ ಷೇರಿನ ಮ್ಯೂಚುವಲ್ ಫಂಡಿಗೆ ಹಾಕಿದೆವು. ಕೆಲವು ವರ್ಷ ಅದು ಚೆನ್ನಾಗಿ ಬೆಳೆಯಿತು. ಇನ್ನು ತಿಂಗಳಿಗೊಮ್ಮೆ ಅದರಲ್ಲಿ ಸ್ವಲ್ಪ ಮಾರಿ ಮನೆ ನಡೆಸುವುದು, ಉಳಿದದ್ದು ಬೆಳೆಯುತ್ತಲೇ ಇರಲಿ ಎಂದುಕೊಂಡು ಅವರು ಕೆಲಸ ಬಿಟ್ಟರು.

ಆ ದಿನಗಳೇ ಬೇರೆ. ನರಗುಂದದ ಬಸ್ಸಿನ ಹಾರ್ನ್ ಕೇಳಿದಾಗ ಬೇಕಂತಲೇ ಇನ್ನೊಂದು ಕಪ್ ಚಹಾ ಕೇಳುತ್ತಿದ್ದರು. ಸಂತೆಯಲ್ಲಿ ಬದನೆಕಾಯಿ ಆರಿಸಲು ಅರ್ಧ ತಾಸು ಬೇಕಿತ್ತು ಇವರಿಗೆ. ಒಮ್ಮೆ ಹಳೆಯ ಲೆಕ್ಕವೇನನ್ನೋ ಕೇಳಲು ಸಾವ್ಕಾರರೇ ಫೋನು ಮಾಡಿದರು. ನನ್ನ ಗಂಡ ಕಾಲ ಮೇಲೆ ಕಾಲು ಹಾಕಿಕೊಂಡು, ಚುರುಮರಿ ಮುಕ್ಕುತ್ತ ಉತ್ತರ ಕೊಟ್ಟರು. ಫೋನು ಇಟ್ಟು ನನ್ನ ಕಡೆ ನೋಡಿದ ಆ ನೋಟ! ಮದುವೆಯಲ್ಲೂ ಅಷ್ಟು ಚೆಂದ ಕಂಡಿರಲಿಲ್ಲ ಪುಣ್ಯಾತ್ಮ.

ಆಮೇಲೆ ಷೇರುಪೇಟೆ ಬಿತ್ತು. ಬೀಳುತ್ತಲೇ ಹೋಯಿತು. ಫಂಡು ಮಾಡಿಸಿಕೊಟ್ಟ ಏಜೆಂಟರು, "ಗಾಬರಿ ಆಗಬ್ಯಾಡ್ರಿ. ತಿಂಗಳಾ ತಗಿಯೂದು ಒಂದೀಟು ಕಡಿಮಿ ಮಾಡ್ರಿ, ಮತ್ತ ಏರ್ತೈತಿ" ಎಂದು ಹೇಳಿ ಹೋದರು.

ನನ್ನ ಗಂಡ ಅಬ್ಬಿಗೇರಿಯವರು. ಅವರ ಹಳೆಯ ಮನೆಯಲ್ಲಿ ನೆಲದೊಳಗೆ ಜೋಳ ತುಂಬಿಡುವ ಹಗೇವು ಇತ್ತು. ಮುಚ್ಚಿಟ್ಟರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಆದರೆ ಒಮ್ಮೆ ಬಾಯಿ ತೆರೆದರೆ ಅಡಿಯ ತನಕ ಬಳಿದು ತೆಗೆಯಲೇಬೇಕು. ಗಾಳಿ, ತೇವ ಹೊಕ್ಕು ಉಳಿದದ್ದೆಲ್ಲ ಮುಗ್ಗಲು ಹಿಡಿಯುತ್ತದೆ. ದಿವಾನಜಿಯಾಗಿ ಎಷ್ಟು ಲೆಕ್ಕ ಬರೆದರೂ ಹಗೇವಿನ ಆ ನಿಯಮ ಅವರ ರಕ್ತದಲ್ಲೇ ಉಳಿದಿತ್ತು.

"ನಾವು ಬಾಯಿ ತಗದು ತಿನ್ನಾಕ ಹತ್ತೀವಿ. ಈಗ ಕೆಡಾಕ ಹತ್ತೈತಿ. ಉಳಿದದ್ದನ್ನ ಲಗೂನ ಹೊರಗ ತಗೀಬೇಕು" ಎಂದರು.

"ಇದೇನ್ ಜ್ವಾಳ ಅಲ್ರಿ, ಮುಗ್ಗಲ ಹಿಡಿಯಾಕ. ತಡೀರಿ ಅಂದ್ರ ತಡೀರಿ."

"ನಿನಗ ಹಗೇವು ಗೊತ್ತಿಲ್ಲ, ಸುಮ್ನಿರು."

ನಾನು ಒಳಗೆ ಹೋಗಿ ಉಕ್ಕುವ ಹಾಲು ಇಳಿಸಿ ಬರುವಷ್ಟರಲ್ಲಿ ಮೊಬೈಲಿನಲ್ಲಿ ಎಲ್ಲವನ್ನೂ ಮಾರಿಬಿಟ್ಟಿದ್ದರು. ಬಿದ್ದ ಬೆಲೆಗೆ. ಅವರ ಮುಖದಲ್ಲಿ ಮಾತ್ರ ಕಾಳು ಉಳಿಸಿಕೊಂಡ ನಿರಾಳ.

ಕೆಲವೇ ತಿಂಗಳಲ್ಲಿ ಪೇಟೆ ಮತ್ತೆ ಏರಿತು, ನಮ್ಮನ್ನು ಬಿಟ್ಟು. ತಿರುಗಿ ಹಾಕಲು ಅವರಿಗೆ ಧೈರ್ಯ ಬರಲಿಲ್ಲ. ಬ್ಯಾಂಕಿನಲ್ಲಿಟ್ಟ ಹಣದ ಬಡ್ಡಿ ಮನೆಗೆ ಸಾಲದಾಯಿತು, ಅಸಲಿಗೇ ಕೈ ಹಾಕಿದೆವು. ಅದು ಕರಗುವುದನ್ನು ನೋಡುತ್ತ ಅವರು ಸಂತೆಗೆ ಹೋಗುವುದನ್ನೇ ಬಿಟ್ಟರು. ನನಗೆ ಸಿಟ್ಟಿದೆ, ಬೇಕಾದಷ್ಟಿದೆ. ಆದರೆ ತಾವು ಕಂಡುಕೊಂಡ ಹಾಗೆ ಕಾಳು ಉಳಿಸಲು ಹೋದವರನ್ನು ಏನೆಂದು ಬೈಯಲಿ? ಬೈದರೂ ಹೋದ ಬದುಕು ಬರುವುದಿಲ್ಲ, ಇನ್ನೊಮ್ಮೆ ಕಟ್ಟುವ ವಯಸ್ಸೂ ನಮಗಿಲ್ಲ.

ಮೊನ್ನೆ ಅವರೇ ನರಗುಂದಕ್ಕೆ ಹೇಳಿ ಕಳಿಸಿದರು, ಕೆಲಸವಿದ್ದರೆ ಕೊಡಿ ಎಂದು. ಇಂದು ಊಟಕ್ಕೆ ಕುಳಿತಾಗ ಫೋನು ಬಂತು. ಯಾರದೆಂದು ಇಬ್ಬರಿಗೂ ಗೊತ್ತಾಯಿತು. ನಾನು ಅವರ ತೊಡೆಯ ಮೇಲೆ ಕೈಯಿಟ್ಟು ಒತ್ತಿ ಹಿಡಿದೆ.

"ಕುಂತ ಮಾತಾಡ್ರಿ" ಎಂದೆ.

ಅವರು ನನ್ನ ಕೈಯನ್ನು ಮೆಲ್ಲಗೆ ಸರಿಸಿ, ಗೋಡೆ ಹಿಡಿದು ಎದ್ದು ನಿಂತರು.

"ಹೌದ್ರಿ ಸಾವ್ಕಾರ್ರ. ನಾಳಿಂದನ ಬರ್ತೀನ್ರಿ."